ಬಳೆ ಆರಾಮೈತಿ

ಮೈ ಹೇಗಿದೆಯೆಂದು ಬಾಯಿಬಿಟ್ಟು ಕೇಳುವ ಪದ್ಧತಿ ಆ ಊರಲ್ಲಿ ನಿಂತು ಬಹಳ ಕಾಲವಾಗಿತ್ತು. ಸರ್ಕಾರ ತೊಡಿಸಿದ ಬಳೆ ಹಸಿರಾಗಿದ್ದರೆ ಕೆಲಸ, ಕೆಂಪಾದರೆ ರಜೆ. ಹಾರುವ ಬಸ್ಸಿನ ಡ್ರೈವರ್ ನೀಲಗಂಗವ್ವನ ಬಳೆ ಅವತ್ತು ಹಸಿರಾಗಿಯೇ ಇತ್ತು.

ಆದರೆ ಬಸ್ ಹತ್ತುವ ಮುಂಚೆ ಕಪ್ಪಿನಿಂದ ಸಾಸರಿಗೆ ಸುರಿದುಕೊಂಡ ಚಹಾ ಅಂಚು ದಾಟಿ ಬೆರಳ ಮೇಲೆ ಚೆಲ್ಲಿತು. ಹೋದ ವಾರ ಬಿಸಿಲಲ್ಲೂ ಸ್ವೆಟರ್ ಹಾಕಿಕೊಂಡು ತೂಕಡಿಸುತ್ತಿದ್ದವಳಿಗೆ ಈಗ ಎದೆ ಡವಗುಟ್ಟುತ್ತಿತ್ತು, ಕತ್ತು ಬೆವರುತ್ತಿತ್ತು. ಥೈರಾಯ್ಡ್ ಮತ್ತೆ ಮಗ್ಗಲು ಬದಲಿಸಿದೆಯೆಂದು ಅವಳಿಗೆ ಗೊತ್ತಾಯಿತು.

“ಇವತ್ತ ನಾ ಬಸ್ ಏರಸೂದಿಲ್ರಿ ಸಾಹೇಬ್ರ. ಕೈ ನಡಗಾಕತ್ತಾವ,” ಎಂದಳು.

ಡಿಪೋ ಮ್ಯಾನೇಜರ್ ಅವಳ ಮುಖ ನೋಡಲಿಲ್ಲ, ಮಣಿಕಟ್ಟು ನೋಡಿದ. “ಬಳಿ ಹಸರ ಐತಲ್ಲವಾ. ನಿನಗ ಏನೂ ಆಗಿಲ್ಲ. ನಡಿ, ಮಂದಿ ಕುಂತಾರ.”

ನೀಲಗಂಗವ್ವ ಬಳೆ ಬಿಚ್ಚಿದಳು. ಬಸ್ ಹತ್ತಿ ಅದನ್ನು ಸ್ಟೇರಿಂಗಿಗೆ ಸಿಕ್ಕಿಸಿ ಕೆಳಗಿಳಿದಳು.

“ಆರಾಮ ಇರೂದು ಬಳಿ, ನಾ ಅಲ್ಲ. ಬಸ್ಸೂ ಅದ ಓಡಸ್ಲಿ,” ಎಂದು ಬೆಂಚಿನ ಮೇಲೆ ಕೂತು ಉಳಿದ ಚಹಾ ಕುಡಿದಳು.

ಬಸ್ಸಿನಲ್ಲಿದ್ದವರು ಸ್ಟೇರಿಂಗಿನ ಮೇಲೂ ಹಸಿರಾಗಿಯೇ ಹೊಳೆಯುತ್ತಿದ್ದ ಬಳೆಯನ್ನು ನೋಡಿದರು. ಆಮೇಲೆ ಒಬ್ಬೊಬ್ಬರೇ ಚೀಲ ಎತ್ತಿಕೊಂಡು ಇಳಿದರು. ಮೊದಲು ಇಳಿದ ಮುದುಕಿ ಅವಳ ಪಕ್ಕ ಬಂದು ಕೂತಳು.

“ಈಗ ಹೆಂಗ ಅನಸ್ತೈತಿ ಮಗಳ, ಹೇಳು.”