ಮೊದಲನೇ ದಸ್ಕತ್

ವಿಠೋಬಾನ ಲೇಖನಿ ಬಲಗಡೆಯಿಂದ ಎಡಗಡೆಗೆ ಸರಸರನೆ ಓಡಿದ್ದೇ ತಡ, ಬಂಡೆಪ್ಪನ ಮುಖ ಇಳಿದುಹೋಯಿತು. ಕವಿಗಳ ಸಹಿಯಿರುವ ಸಣ್ಣ ಸಣ್ಣ ಕವನ ಪುಸ್ತಿಕೆಗಳನ್ನು ಕೂಡಿಡುವ ಹುಚ್ಚು ಅವನಿಗೆ. ಅದಕ್ಕಾಗಿಯೇ ತಾಂಡೂರಿನ ಬೇಳೆ ಅಂಗಡಿ ಮುಚ್ಚಿ, ನಾರಾಯಣಖೇಡದ ನಿಜಾಮ ಸರಕಾರದ ಕಚೇರಿಯವರೆಗೆ ಬಂದಿದ್ದ. ಈಗ ನೋಡಿದರೆ, ವಿಠೋಬಾ ತಾನೇ ಬರೆದ ಕನ್ನಡ ಕವನಗಳ ಮೊದಲ ಪುಟದಲ್ಲಿ ಉರ್ದು ಸಹಿ.

“ಕೈ ತಾನೇ ಹೋತು ನೋಡ್ರಿ,” ಎಂದ ಗುಮಾಸ್ತ ವಿಠೋಬಾ, ನಾಚಿಕೊಂಡು. “ಸಾಲ್ಯಾಗೂ ಉರ್ದು, ಕಚೇರ್ಯಾಗೂ ಉರ್ದು. ಕನ್ನಡದಾಗ ದಸ್ಕತ್ ಮಾಡು ಅಂತ ಇವತ್ತಿನ ತನಕ ಯಾರೂ ಕೇಳಿಲ್ರಿ.”

“ನಾ ಕೇಳಾಕತ್ತೀನಲ್ರಿ,” ಎಂದು ಬಂಡೆಪ್ಪ ಪುಸ್ತಿಕೆಯನ್ನು ಮತ್ತೆ ಅವನ ಮುಂದೆ ಸರಿಸಿದ.

ವಿಠೋಬಾ ಲೇಖನಿಯನ್ನು ಮಸಿಯಲ್ಲಿ ಅದ್ದಿ, ಉರ್ದು ಸಹಿಯ ಕೆಳಗೆ ತನ್ನ ಹೆಸರಿನ ಒಂದೊಂದೇ ಅಕ್ಷರವನ್ನು ಗುಂಡಗೆ ಬರೆದ. ದೂರ ಹಿಡಿದು ನೋಡಿದ, ಹತ್ತಿರ ತಂದು ನೋಡಿದ, ಮಸಿ ಆರಲೆಂದು ಉಫ್ ಎಂದು ಊದಿದ. ಬಂಡೆಪ್ಪ ಕೈಚಾಚಿದರೆ ಪುಸ್ತಿಕೆಯನ್ನು ಕೊಡದೆ ಎದೆಗೆ ಅವಚಿಕೊಂಡ.

“ಇದು ನನಗಿರ್ಲಿರಿ. ನಿಮಗ ಇನ್ನೊಂದು ಪ್ರತಿಗೆ ದಸ್ಕತ್ ಮಾಡಿಕೊಡ್ತೀನಿ.”

ಆ ಹುಚ್ಚು ಬಂಡೆಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ನಗುತ್ತ ಎರಡನೆಯ ಪ್ರತಿಗೆ ಕೈಯೊಡ್ಡಿದ.