ಗಾಲಿಯ ಕೆಳಗಿನ ನಿಂಬೆಹಣ್ಣು

ಊರಿನ ಜನರ ಮೈಭಾರ ಕಾರಣವಿಲ್ಲದೆ ಇಳಿಯಲು ಶುರುವಾದ ಮೇಲೆ ಹಗುರ ಸೈಕಲ್ಲನ್ನು ಕೇಳುವವರೇ ಇರಲಿಲ್ಲ. ರಾಚಪ್ಪನಿಗೆ ಮಾತ್ರ ಅಂಗಡಿಯಲ್ಲಿ ಎಲ್ಲಕ್ಕಿಂತ ಹಗುರವಾದ ಬ್ಯಾಟರಿ ಸೈಕಲ್ಲೇ ಬೇಕಾಗಿತ್ತು.

"ಸಂಜೀಕ ಕೆರಿ ದಂಡಿಗೆ ಸುಮ್ನ ಒಂದ್ ಸುತ್ತು ಹೊಡ್ಯಾಕ ಇದ ಚೊಲೋ," ಎಂದ.

"ಗಾಳಿ ಬಂದ್ರ ಹಾರಿ ಹೋಗ್ತೀರಿ. ಪೋಸ್ಟಮಾಸ್ತರ್ರು ಹಂಗ ಹಾರಿ ಹೋಗ್ಲಿಲ್ಲೇನ್ರಿ?" ಹೆಂಡತಿ ನೀಲಮ್ಮ ಮುಖ ಗಂಟಿಕ್ಕಿದಳು.

"ನನ್ನ ಭಾರ ಇನ್ನೂ ಹಂಗ ಐತಿ ಬಿಡ."

ಅಂಗಡಿಯ ಗೌಸ್‌ಸಾಬ ವಾಡಿಕೆಯಂತೆ ಹೊಸ ಗಾಡಿಯ ಗಾಲಿಗೆ ನಿಂಬೆಹಣ್ಣು ಇಟ್ಟ. ರಾಚಪ್ಪ ಹತ್ತಿ ಮುಂದೆ ಸಾಗಿದ. ಗಾಲಿ ಹಣ್ಣಿನ ಮೇಲೆಯೇ ಹಾಯಿತು, ಹಣ್ಣು ಒಡೆಯಲಿಲ್ಲ. ಗೌಸ್‌ಸಾಬ ಭಾರಕ್ಕೆಂದು ಹಿಂದೆ ಕಟ್ಟಲು ಒಳಗಿನಿಂದ ಒಂದು ಕಲ್ಲಿನ ಚೀಲ ತಂದು ಪಕ್ಕಕ್ಕಿಟ್ಟ.

ನೀಲಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಚೀಲ ಬ್ಯಾಡ. ದಿನಾ ಇವರ ಹಿಂದ ನಾನ ಕುಂದರ್ತೀನಿ."

ಗೌಸ್‌ಸಾಬ ಹಣ್ಣನ್ನು ಮತ್ತೆ ಗಾಲಿಯ ಮುಂದಿಟ್ಟ. ಆಕೆ ಗಂಡನ ಸೊಂಟವನ್ನು ಬಿಗಿಯಾಗಿ ಹಿಡಿದು ಕೂತಳು. ಎರಡೂ ಗಾಲಿಗಳು ಹಣ್ಣಿನ ಮೇಲೆ ಹಾಯ್ದವು. ನೀಲಮ್ಮ ತಿರುಗಿ ನೋಡಿದಳು. ಹಣ್ಣು ದುಂಡಗೆ, ಇಟ್ಟಂತೆಯೇ ಇತ್ತು.

ಇತ್ತೀಚೆಗೆ ತನ್ನ ಮಂಡಿ ನೋಯದಿದ್ದುದು ಹಚ್ಚಿದ ಎಣ್ಣೆಯ ಗುಣವೆಂದೇ ಆಕೆ ಇಲ್ಲಿಯವರೆಗೆ ನಂಬಿದ್ದಳು.

ಗೌಸ್‌ಸಾಬ ಇನ್ನೊಂದು ಚೀಲ ತರಲು ಒಳಗೆ ಹೋದ.