ಪಾಸಾದ ಏರ್‌ಬ್ಯಾಗ್

ಹೊಸ ಕಾರಿನಲ್ಲಿ ಹಾಡು ಹಾಕುವ, ದಾರಿ ತೋರಿಸುವ ಸಾಮಾನ್ಯ ಆಪರೇಟಿಂಗ್ ಸಿಸ್ಟಮ್ಮಿಗೇ ಏರ್‌ಬ್ಯಾಗಿನ ಕೆಲಸವನ್ನೂ ವಹಿಸಬೇಕೆಂದು ಮ್ಯಾನೇಜರ್ ಪದ್ಮರಾಜಯ್ಯ ಪಟ್ಟು ಹಿಡಿದರು.

“ಹಾಡು ತಡವಾದ್ರೆ ನಡಿಯುತ್ತೆ ಸರ್. ಏರ್‌ಬ್ಯಾಗಿಗೆ ಆ ಕ್ಷಣಕ್ಕೇ ಕೆಲಸ ಮುಗಿಸೋ ರಿಯಲ್‌ಟೈಮ್ ಸಿಸ್ಟಮ್ಮೇ ಬೇಕು,” ಎಂದಳು ಎಂಜಿನಿಯರ್ ಸುಚೇತಾ.

“ಎರಡೆರಡು ಯಾಕಮ್ಮ? ಒಂದೇ ಎಲ್ಲಾ ಮಾಡುತ್ತೆ.”

ಪರೀಕ್ಷೆಯ ದಿನ ಕಾರು ಗೋಡೆಗೆ ಗುದ್ದಿತು. ಒಳಗೆ ಕೂರಿಸಿದ್ದ ಬೊಂಬೆಯ ತಲೆ ಸ್ಟೀರಿಂಗಿಗೆ ಬಡಿದು ಒಡೆಯಿತು. ಆಮೇಲೆ ಏರ್‌ಬ್ಯಾಗ್ ಬಿಚ್ಚಿಕೊಂಡಿತು.

“ಬಿಚ್ಕೊಂಡ್ತಲ್ಲ! ಪಾಸ್!” ಪದ್ಮರಾಜಯ್ಯ ಚಪ್ಪಾಳೆ ತಟ್ಟಿದರು.

“ಬೊಂಬೆ ಸತ್ತಮೇಲೆ ಬಿಚ್ಕೊಂಡ್ತು ಸರ್.”

“ಬೊಂಬೆ ಏನು ಕಂಪ್ಲೇಂಟ್ ಕೊಡುತ್ತಾ?”

ಪರೀಕ್ಷೆ ಪಾಸಾಯಿತೆಂದು ಕಂಪನಿಯ ಮಾಲೀಕರಿಗೆ ಬಹಳ ಸಂತೋಷವಾಯಿತು. ತಯಾರಾದ ಮೊದಲ ಕಾರನ್ನು ಮ್ಯಾನೇಜರಿಗೇ ಉಡುಗೊರೆಯಾಗಿ ಕೊಟ್ಟರು.

ಮರುದಿನದಿಂದ ಪದ್ಮರಾಜಯ್ಯ ಕಚೇರಿಗೆ ಸಿಟಿ ಬಸ್ಸಿನಲ್ಲಿ ಬರತೊಡಗಿದರು.